ಕಾಲಿನ ತುರಿಕೆಗೆ ಕಂಡ ಕಂಡ ಟ್ಯೂಬ್ ಹಚ್ಚಬೇಡಿ



ಮಳೆಗಾಲದಲ್ಲಿ ಸಂಘದ ಸಭೆಗೆ ಬಂದಾಗಲೆಲ್ಲ ನಾವು ಒಂದು ವಿಷಯ ಗಮನಿಸುತ್ತೇವೆ. ಉಳಿತಾಯದ ಹಣ ಎಣಿಸುವ ಹೊತ್ತಿಗೆ ಯಾರಾದರೊಬ್ಬರು ಸೀರೆ ಸ್ವಲ್ಪ ಮೇಲೆತ್ತಿ ಮೊಣಕಾಲಿನ ಕೆಳಗೆ ಪರಪರ ಕೆರೆದುಕೊಳ್ಳುತ್ತಾ ಇರುತ್ತಾರೆ. ಕೇಳಿದರೆ, "ಏನಿಲ್ಲ ಸಿಸ್ಟರ್, ಗದ್ದೆ ನೀರು ತಾಗಿದ್ದು, ಟ್ಯೂಬ್ ಹಚ್ತಾ ಇದ್ದೇನೆ" ಎನ್ನುತ್ತಾರೆ. ಈ ಟ್ಯೂಬಿನ ವಿಷಯವನ್ನೇ ಈ ಸಲ ಮಾತಾಡೋಣ.

ಒಬ್ಬ ಸದಸ್ಯೆಗೆ ಕಾಲಿನ ಮೇಲೆ ಉಂಗುರದ ಹಾಗೆ ಒಂದು ಸಣ್ಣ ಕಲೆ ಬಂದಿತ್ತು. ಅದು ಹುಳುಕಡ್ಡಿ. ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದು ಹಚ್ಚಿದರು. ಮೂರೇ ದಿನದಲ್ಲಿ ತುರಿಕೆ ನಿಂತಿತು. ಬಿಟ್ಟ ಕೂಡಲೇ ಮತ್ತೆ ಬಂತು. ಹೀಗೆ ಐದಾರು ತಿಂಗಳು ಕಳೆಯುವಷ್ಟರಲ್ಲಿ ಅದು ತೊಡೆ, ಸೊಂಟದವರೆಗೆ ಹರಡಿ, ಮನೆಯ ಮಕ್ಕಳಿಗೂ ತಗುಲಿತು. ಕೋಳಿ ಸಾಕಲು ತೆಗೆದ ಸಂಘದ ಸಾಲ ಆಸ್ಪತ್ರೆಗೆ ಹೋಯಿತು.

ಹೀಗೆ ಆಗಲು ಕಾರಣ ಆ ಟ್ಯೂಬಿನಲ್ಲಿದ್ದ ಸ್ಟಿರಾಯ್ಡ್. ಅದು ಉರಿ, ಕೆಂಪು, ತುರಿಕೆಯನ್ನು ಬೇಗ ಅಡಗಿಸುತ್ತದೆ. ಆದರೆ ಹುಳುಕಡ್ಡಿ ಎಂದರೆ ಬೂಷ್ಟಿನ ಜಾತಿಯ ಶಿಲೀಂಧ್ರ. ಸ್ಟಿರಾಯ್ಡಿಗೆ ಅದು ಸಾಯುವುದಿಲ್ಲ. ಚರ್ಮದ ಕಾವಲು ಕಮ್ಮಿಯಾದ್ದರಿಂದ ಒಳಗೊಳಗೇ ಬೆಳೆಯುತ್ತದೆ. ಬಹಳ ದಿನ ಹಚ್ಚಿದರೆ ಚರ್ಮ ತೆಳ್ಳಗಾಗಿ ಗೀರು ಬೀಳುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ತಂದಿದೆ. ಆದರೂ ಕೇಳಿದರೆ ಸಿಗುತ್ತದೆ ಎನ್ನುವುದು ನಿಮಗೂ ಗೊತ್ತು, ನಮಗೂ ಗೊತ್ತು. ಮನೆಯಲ್ಲಿರುವ ಟ್ಯೂಬನ್ನು ಶಾಲೆಗೆ ಹೋಗುವ ಮಗಳ ಕೈಗೆ ಕೊಟ್ಟು ಓದಿಸಿ. ಕ್ಲೋಬೆಟಾಸಾಲ್, ಬೆಟಾಮೆಥಾಸೋನ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟಿರಾಯ್ಡ್. ಸ್ಟಿರಾಯ್ಡ್ ಕೆಟ್ಟ ಔಷಧಿ ಎಂದು ನಾವು ಹೇಳುತ್ತಿಲ್ಲ. ಇಸುಬಿಗೆ ವೈದ್ಯರೇ ಅದನ್ನು ಬರೆದು ಕೊಡುತ್ತಾರೆ, ಇಷ್ಟೇ ದಿನ ಎಂದು ಲೆಕ್ಕ ಹೇಳಿ.

ಕಾಲಿನ ತುರಿಕೆ ಎಲ್ಲಾ ಒಂದೇ ಅಲ್ಲ. ಅಂಚು ಕೆಂಪಾಗಿ, ನಡುವೆ ತಿಳಿಯಾಗಿ, ಉಂಗುರದ ಹಾಗೆ ದೊಡ್ಡದಾಗುತ್ತಾ ಹೋದರೆ ಹುಳುಕಡ್ಡಿ ಇರಬಹುದು. ಚಪ್ಪಲಿಯ ಪಟ್ಟಿ ತಾಗುವಲ್ಲಿ ಮಾತ್ರ, ಅಥವಾ ಬಟ್ಟೆ ಒಗೆಯುವಾಗ ಸೋಪಿನ ನೀರು ಬೀಳುವಲ್ಲಿ ಮಾತ್ರ ಇದ್ದರೆ ಆ ವಸ್ತುವೇ ಕಾರಣ ಇರಬಹುದು. ಅದನ್ನು ಬಿಟ್ಟು ನೋಡಿ.

ಇನ್ನೊಂದು ಬಗೆಯನ್ನು ನಾವು ಹೆಂಗಸರು ಬಹಳ ಅಲಕ್ಷ್ಯ ಮಾಡುತ್ತೇವೆ. ದಿನವಿಡೀ ನಿಂತು ಕೆಲಸ ಮಾಡುವವರಿಗೆ, ಮೂರು ನಾಲ್ಕು ಹೆತ್ತವರಿಗೆ ಕಾಲಿನ ನರ ಉಬ್ಬಿ ಗಂಟು ಗಂಟಾಗುತ್ತದೆ. ರಕ್ತ ಮೇಲಕ್ಕೆ ಸರಿಯಾಗಿ ಹೋಗದೆ ಕೆಳಗೇ ನಿಲ್ಲುತ್ತದೆ. ಸಂಜೆಗೆ ಪಾದ ಊದುತ್ತದೆ, ಹರಡಿನ ಮೇಲಿನ ಚರ್ಮ ಕಂದಾಗಿ ಒಣಗಿ ತುರಿಸುತ್ತದೆ. ಕೆರೆದು ಗಾಯವಾದರೆ ತಿಂಗಳುಗಟ್ಟಲೆ ಮಾಗುವುದಿಲ್ಲ. ಇಂಥವರು ಬಿಡುವಾದಾಗಲೆಲ್ಲ ಅರ್ಧ ಗಂಟೆ ಮಲಗಿ ಕಾಲನ್ನು ಎರಡು ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕೆ ಇಡಬೇಕು. "ಗಂಡ, ಅತ್ತೆ ಎದುರಿಗೆ ಕಾಲು ಮೇಲಿಟ್ಟು ಮಲಗುವುದಾ ಸಿಸ್ಟರ್?" ಎಂದು ಒಬ್ಬರು ಕೇಳಿದರು. ಹೌದಮ್ಮ, ಇದೂ ಔಷಧಿಯೇ ಎಂದು ಮನೆಯಲ್ಲಿ ಹೇಳಿ. ನಿಂತೇ ಕೆಲಸ ಮಾಡುವಾಗ ಆಗಾಗ ಹಿಮ್ಮಡಿ ಎತ್ತಿ ಇಳಿಸಿ. ಬಿಗಿ ಬ್ಯಾಂಡೇಜನ್ನು ಮಾತ್ರ ವೈದ್ಯರನ್ನು ಕೇಳದೆ ಸುತ್ತಬೇಡಿ. ಸಕ್ಕರೆ ಕಾಯಿಲೆ ಇದ್ದವರಿಗೆ ಅದರಿಂದ ಅಪಾಯವೂ ಆಗಬಹುದು.

ಮನೆಯಲ್ಲಿ ಮಾಡುವುದು ಸುಲಭವೇ. ಗದ್ದೆಯಿಂದ ಬಂದ ಕೂಡಲೇ ಕಾಲನ್ನು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಬೆರಳ ಸಂದೂ ಸೇರಿ ಒತ್ತಿ ಒರೆಸಿ. ಬಟ್ಟೆ ಸೋಪು ಕಾಲಿಗೆ ಬೇಡ. ಒಣ ಚರ್ಮಕ್ಕೆ ಸ್ವಲ್ಪ ಹಸಿ ಇರುವಾಗಲೇ ತೆಂಗಿನ ಎಣ್ಣೆ ಸವರಿ. ಹುಳುಕಡ್ಡಿಗೆ ಎಣ್ಣೆ ಬೇಡ, ಅದು ಒಣಗಿರಬೇಕು. ಟವೆಲ್ ಬೇರೆ ಇಡಿ, ಬಟ್ಟೆ ಬಿಸಿಲಿಗೆ ಹಾಕಿ, ಮನೆಯಲ್ಲಿ ತುರಿಕೆ ಇದ್ದವರೆಲ್ಲ ಒಟ್ಟಿಗೇ ಔಷಧಿ ಮಾಡಿ. ವೈದ್ಯರು ಕೊಟ್ಟ ಮುಲಾಮನ್ನು ಕಲೆ ಮಾಯವಾಯಿತೆಂದು ನಡುವೆ ಬಿಡಬೇಡಿ. ಉಗುರು ಕತ್ತರಿಸಿ. ತುರಿಕೆ ತಡೆಯದಿದ್ದರೆ ತಣ್ಣೀರಿನ ಬಟ್ಟೆ ಒತ್ತಿ ಹಿಡಿಯಿರಿ. ಸುಣ್ಣ, ಸೀಮೆ ಎಣ್ಣೆ, ಕುದಿಯುವ ಉಪ್ಪುನೀರು ಯಾವುದೂ ಬೇಡವೇ ಬೇಡ.

ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ಬಿಸಿಯಾಗಿ ನೋಯುತ್ತಿದ್ದರೆ, ಜ್ವರ ಅಥವಾ ಕೀವು ಇದ್ದರೆ, ಒತ್ತಿದರೂ ಬಣ್ಣ ಮಾಸದ ಕೆನ್ನೀಲಿ ಚುಕ್ಕೆಗಳು ಎದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಎರಡು ವಾರದಲ್ಲಿ ಮಾಗದ ಗಾಯವನ್ನೂ ತೋರಿಸಿ. ಸಕ್ಕರೆ ಕಾಯಿಲೆಯವರು ಸಣ್ಣ ಗಾಯಕ್ಕೂ ಅಷ್ಟು ದಿನ ಕಾಯಬಾರದು. ತುರಿಕೆಯೇ ಇಲ್ಲದ, ಮುಟ್ಟಿದರೆ ಗೊತ್ತಾಗದ ತಿಳಿ ಬಣ್ಣದ ಮಚ್ಚೆ ಕಂಡರೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಅದು ಕುಷ್ಠರೋಗ ಇರಬಹುದು. ಹೆದರಬೇಡಿ, ಮುಚ್ಚಿಡಲೂ ಬೇಡಿ. ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ಪೂರ್ತಿ ಗುಣವಾಗುತ್ತದೆ.

ವೈದ್ಯರ ಹತ್ತಿರ ಹೋಗುವಾಗ ಇಲ್ಲಿಯವರೆಗೆ ಹಚ್ಚಿದ ಟ್ಯೂಬನ್ನು, ಖಾಲಿಯಾಗಿದ್ದರೂ, ಚೀಲದಲ್ಲಿ ಹಾಕಿಕೊಂಡು ಹೋಗಿ. ಬೈದಾರು ಎಂದು ಅಡಗಿಸಬೇಡಿ.