ಹಾಳೆಯಲ್ಲಿ ಅಡಗಿದ್ದ ಗುರಾಣಿ

2006ರಲ್ಲಿ ಕಾರ್ಲೋಸ್ ಮ್ಯಾಗ್ಡಲೀನಾ ಅವರ ಕಣ್ಣಿಗೆ ಇಂಟರ್ನೆಟ್ಟಿನಲ್ಲಿ ಒಂದು ಫೋಟೊ ಬಿತ್ತು. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ನೈದಿಲೆಗಳನ್ನು ಸಾಕಿ ಪಳಗಿದವರು ಅವರು. ಚಿತ್ರದಲ್ಲಿದ್ದದ್ದು ದೈತ್ಯ ವಿಕ್ಟೋರಿಯಾ ನೈದಿಲೆಯೇ, ಸಂದೇಹವಿರಲಿಲ್ಲ. ಆದರೆ ಯಾವ ವಿಕ್ಟೋರಿಯಾ? ಪುಸ್ತಕಗಳು ಒಪ್ಪಿದ್ದು ಎರಡನ್ನೇ, ಅಮೆಜಾನಿಕಾ ಮತ್ತು ಕ್ರೂಜಿಯಾನಾ. ಇದೇಕೋ ಎರಡರ ಸಾಲಿಗೂ ಸೇರುವಂತೆ ಕಾಣಲಿಲ್ಲ.

ಅನುಮಾನವೇನೋ ಹುಟ್ಟಿತು, ಸಾಬೀತು ಮಾಡುವುದು ಹೇಗೆ? ಹೋಲಿಸಿ ನೋಡಲು ಒಣಗಿಸಿಟ್ಟ ಮಾದರಿಗಳು ಬೇಕು. ವಿಕ್ಟೋರಿಯಾದ ಎಲೆ ಸಾಮಾನ್ಯದ್ದಲ್ಲ. ತೊಟ್ಟು ಅಂಚಿಗೆ ಸೇರದೆ, ಗುರಾಣಿಯ ಹಿಂದಿನ ಹಿಡಿಯಂತೆ ನಡುವಿಗೇ ಕೂಡಿಕೊಂಡಿರುತ್ತದೆ. ಅಡಿಯಲ್ಲೆಲ್ಲ ದಪ್ಪ ನರಗಳು, ನರಗಳ ತುಂಬ ಮುಳ್ಳು, ಅಗಲವೋ ಆಳುದ್ದಕ್ಕೂ ಮಿಗಿಲು. ಅಂಥದ್ದನ್ನು ಕಾಡಿನ ನೀರಿಗಿಳಿದು ಕಿತ್ತು, ಒಣಗಿಸಿ, ಒಂದೂವರೆ ಅಡಿಯೂ ಇಲ್ಲದ ಹಾಳೆಗೆ ಅಂಟಿಸುವ ಉಸಾಬರಿಗೆ ಎಷ್ಟು ಮಂದಿ ಹೋದಾರು? ಹಳೆಯ ಸಂಗ್ರಾಹಕರು ತಂದದ್ದೇ ಕಡಿಮೆ, ಅದರಲ್ಲೂ ಕೆಲವು ಕಳೆದುಹೋಗಿದ್ದವು. ಹಾಗಾಗಿ ಯಾವ ಗಿಡಕ್ಕೆ ಯಾವ ಹೆಸರು ಎಂಬ ಗೊಂದಲ ಹಾಗೇ ಉಳಿದಿತ್ತು.

ಹತ್ತು ವರ್ಷ ಕಳೆಯಿತು. 2016ರಲ್ಲಿ ಬೊಲಿವಿಯಾದ ಸಾಂತಾ ಕ್ರೂಜ್ ಸಸ್ಯೋದ್ಯಾನ ಮತ್ತು ಲಾ ರಿಂಕೊನಾಡಾ ತೋಟದವರು ಆ ಅನುಮಾನದ ಗಿಡದ ಬೀಜ ಕೊಟ್ಟರು. ಮ್ಯಾಗ್ಡಲೀನಾ ಅವನ್ನು ಕ್ಯೂನಲ್ಲಿ ಮೊಳೆಯಿಸಿ, ಪರಿಚಿತವಾಗಿದ್ದ ಎರಡು ಜಾತಿಗಳ ಮಗ್ಗುಲಲ್ಲೇ ಬೆಳೆಸಿದರು. ಅದೇ ನೀರು, ಅದೇ ಬೆಳಕು, ಅದೇ ಬಿಸಿ. ವ್ಯತ್ಯಾಸವೆಲ್ಲ ಮಣ್ಣಿನದು, ಹವೆಯದು ಎಂದು ತಳ್ಳಿಹಾಕಲು ಇನ್ನು ದಾರಿಯಿರಲಿಲ್ಲ. ಗಿಡಗಳು ಬಲಿತಂತೆ ಮೂರೂ ಮೂರು ಚಹರೆ ತೋರಿಸಿದವು. ಈ ನೈದಿಲೆಗಳು ಅರಳುವುದು ರಾತ್ರಿ. ಹಾಗಾಗಿ ಸಸ್ಯಚಿತ್ರಗಳ ಕಲಾವಿದೆ ಲೂಸಿ ಸ್ಮಿತ್ ಕತ್ತಲಾದ ಮೇಲೆ ಗಾಜಿನ ಮನೆಗೆ ಬಂದು ಹೂವಿನ ಚಿತ್ರ ಬರೆದರು. ನತಾಲಿಯಾ ಪ್ರಝೆಲೊಮ್ಸ್ಕಾ ಮತ್ತು ಜೊತೆಯವರು ಡಿಎನ್‌ಎ ಕೆದಕಿದರು.

ಅಸಲಿ ತಮಾಷೆ ಇದ್ದದ್ದು ಕ್ಯೂನ ಒಣಗಿಡಗಳ ಸಂಗ್ರಹದಲ್ಲಿ. ಊರೂರು ಹುಡುಕಿದ್ದ ಗಿಡದ ಮಾದರಿ 177 ವರ್ಷಗಳಿಂದ ಅಲ್ಲೇ ಇತ್ತು, ಅಮೆಜಾನಿಕಾ ಎಂದೇ ಎನಿಸಿಕೊಂಡು! ಬೊಲಿವಿಯಾದ ರಾಷ್ಟ್ರೀಯ ಸಂಗ್ರಹದಲ್ಲೂ ಇನ್ನೊಂದು 34 ವರ್ಷಗಳಿಂದ ಕೂತಿತ್ತು.

2022ರ ಜುಲೈನಲ್ಲಿ 'ವಿಕ್ಟೋರಿಯಾ ಬೊಲಿವಿಯಾನಾ' ಎಂಬ ಹೊಸ ಹೆಸರು ಪ್ರಕಟವಾಯಿತು. ಮುಳ್ಳುಗಳ ಹಂಚಿಕೆ ಬೇರೆ, ಬೀಜದ ಆಕಾರ ಬೇರೆ. ಡಿಎನ್‌ಎ ಪ್ರಕಾರ ಅದು ಕ್ರೂಜಿಯಾನಾದ ಹತ್ತಿರದ ನೆಂಟ, ಸುಮಾರು ಹತ್ತು ಲಕ್ಷ ವರ್ಷಗಳ ಹಿಂದೆ ಕವಲೊಡೆದದ್ದು. ಲಾ ರಿಂಕೊನಾಡಾದಲ್ಲಿ ಅಳೆದ ಅದರ ಎಲೆಯೊಂದರ ಅಗಲ 3.2 ಮೀಟರ್. ನೈದಿಲೆಗಳಲ್ಲೆಲ್ಲ ದೊಡ್ಡದು ಅದೇ.