ದನಿ ಇದೆ, ಚಿತ್ರವಿಲ್ಲ!

ಜಮಖಂಡಿ, ಮುಧೋಳ ಕಡೆಯ ಮನೆಗಳ ಟ್ರಂಕಿನಲ್ಲಿ ಹುಡುಕಿದರೆ ಈಗಲೂ ಒಂದೆರಡು ಮದುವೆ ಕ್ಯಾಸೆಟ್ ಸಿಕ್ಕಾವು. ಬೀಳಗಿ ತಾಲ್ಲೂಕಿನ ಕೆಲವರಿಗಂತೂ ಅವು ಬರೀ ಮದುವೆಯ ನೆನಪಲ್ಲ; ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಊರಿನ ಓಣಿ, ಗುಡಿ, ಅಂಗಳ ಉಳಿದಿರುವುದೇ ಆ ಟೇಪಿನಲ್ಲಿ. ಹಳೆಯ ವಿ.ಸಿ.ಆರ್.ಗೆ ಹಾಕಿದರೆ ಪರದೆಯ ತುಂಬ ಚುಕ್ಕೆಗಳ ಮಳೆ. ಕ್ಯಾಸೆಟ್ ಕೆಟ್ಟಿತೆಂದು ಎಸೆಯುವ ಮುನ್ನ ತುಸು ತಾಳಿ.

ವಾಲಗದ ದನಿ ಸ್ಪಷ್ಟವಾಗಿ ಕೇಳುತ್ತಿದೆಯೇ? ಹಾಗಿದ್ದರೆ ಟೇಪಿನಲ್ಲಿ ಚಿತ್ರವೂ ಇರುವ ಸಂಭವವೇ ಹೆಚ್ಚು. ವಿ.ಎಚ್.ಎಸ್. ಟೇಪಿನ ಅಗಲ 12.7 ಮಿ.ಮೀ. ಅದರ ಮೇಲಂಚಿನ ನೇರ ಪಟ್ಟಿಯಲ್ಲಿ ದನಿ ಇರುತ್ತದೆ. ಅದನ್ನು ಓದುವುದು ಅಲುಗದೆ ನಿಂತ ಹೆಡ್. ಚಿತ್ರ ಓದುವ ಹೆಡ್‌ಗಳೇ ಬೇರೆ. ಓರೆಯಾಗಿ ಕೂತ, 62 ಮಿ.ಮೀ. ವ್ಯಾಸದ ಹೊಳೆಯುವ ಡ್ರಮ್ಮಿನಲ್ಲಿ ಅವಿರುತ್ತವೆ. ನಮ್ಮ ಪಾಲ್ ಪದ್ಧತಿಯಲ್ಲಿ ಈ ಡ್ರಮ್ ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ವಿದ್ಯಾರ್ಥಿಗಳು ಪರಿಧಿಯನ್ನು 25ರಿಂದ ಗುಣಿಸಿ ನೋಡಲಿ: ಸೆಕೆಂಡಿಗೆ ಸುಮಾರು 4.87 ಮೀಟರ್! ಟೇಪು ಸರಿಯುವುದು ಮಾತ್ರ ಸೆಕೆಂಡಿಗೆ 2.34 ಸೆಂ.ಮೀ. ಚಿತ್ರದ ಒಂದೊಂದು ಓರೆಗೆರೆಯ ಅಗಲ 49 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು ಇಪ್ಪತ್ತು ಗೆರೆ. ಹೆಡ್ಡಿನ ಸೀಳಿಗೆ ಚೂರು ಕೊಳೆ ಮೆತ್ತಿದರೂ ಚಿತ್ರ ಮಾಯ.

ಈ ಕೊಳೆ ಬಹುಮಟ್ಟಿಗೆ ಟೇಪಿನಿಂದಲೇ ಉದುರಿದ ಪುಡಿ. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಲ್ಲಾದರೆ ಹತ್ತಿಯ ಎಳೆಯೂ ಸೇರೀತು. ಬೂಷ್ಟು ಇನ್ನೂ ಕೆಟ್ಟದ್ದು. 2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ ಉಕ್ಕಿದಾಗ ನೆನೆದ ಕ್ಯಾಸೆಟ್ ನಿಮ್ಮಲ್ಲಿದ್ದರೆ ಅದರ ಕಿಟಕಿಯಲ್ಲಿ ಇಣುಕಿ. ಸುರುಳಿಯ ಮೇಲೆ ಬಿಳಿ ಪುಡಿ ಕಂಡರೆ ಅದನ್ನು ಹಾಕಲೇಬೇಡಿ. ಒಂದರ ಬೂಷ್ಟು ಹೆಡ್ಡಿಗೆ ಮೆತ್ತಿ ಉಳಿದ ಕ್ಯಾಸೆಟ್‌ಗಳಿಗೂ ಹತ್ತುತ್ತದೆ.

ಶುಚಿ ಮಾಡುವ ಕೆಲಸ ಹಿರಿಯರದು. ಪ್ಲಗ್ ಕಿತ್ತು ಸ್ವಲ್ಪ ಹೊತ್ತು ಬಿಟ್ಟೇ ಮುಚ್ಚಳ ತೆಗೆಯಿರಿ. ವಿದ್ಯುತ್ ಪೂರೈಸುವ ಭಾಗದ ಕೆಪಾಸಿಟರ್‌ಗಳಲ್ಲಿ ಆಮೇಲೂ ವಿದ್ಯುತ್ ಉಳಿದಿರಬಹುದು, ಆ ಕಡೆ ಕೈ ಬೇಡ. ಎಳೆ ಬಿಡದ ಮೆತ್ತನೆಯ ಚರ್ಮದ ತುಂಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಡ್ರಮ್ಮಿಗೆ ಹಗುರಾಗಿ ಒತ್ತಿ ಹಿಡಿಯಿರಿ. ಅದು ಅಲುಗಬಾರದು; ಇನ್ನೊಂದು ಕೈಯಿಂದ ಡ್ರಮ್ಮನ್ನೇ ನಿಧಾನ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ಡಿನ ತುದಿ ಮುರಿದೀತು. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡವೇ ಬೇಡ. ಒಣ 'ಕ್ಲೀನಿಂಗ್ ಕ್ಯಾಸೆಟ್' ಕೂಡ ನನಗೆ ಒಪ್ಪಿಗೆಯಿಲ್ಲ, ಅದು ಹೆಡ್ ಸವೆಸುತ್ತದೆ. ಪೂರ್ತಿ ಒಣಗಿದ ಮೇಲೆಯೇ ಬೇಡವಾದ ಕ್ಯಾಸೆಟ್ಟೊಂದನ್ನು ಹಾಕಿ ಪರೀಕ್ಷಿಸಿ.

ಚಿತ್ರದಲ್ಲಿ ಅಡ್ಡ ಪಟ್ಟಿಯಷ್ಟೇ ಕಂಡರೆ ಟ್ರ್ಯಾಕಿಂಗ್ ಗುಂಡಿ ತಿರುಗಿಸಿದರೆ ಸಾಕಾಗಬಹುದು. ದನಿ ಜಗ್ಗಾಡಿದರೆ ಟೇಪನ್ನು ಒತ್ತಿ ಎಳೆಯುವ ರಬ್ಬರಿನ ಪಿಂಚ್ ರೋಲರ್ ಗಟ್ಟಿಯಾಗಿರಬಹುದು. ಯಂತ್ರ ಟೇಪು ನುಂಗುತ್ತಿದ್ದರೆ ಸುತ್ತಿಕೊಳ್ಳುವ ರೀಲು ಸರಿಯಾಗಿ ತಿರುಗುತ್ತಿಲ್ಲ. ಅದರ ರಬ್ಬರ್ ಗಾಲಿ, ಬೆಲ್ಟು ನೋಡಿಸಿ. ಟೇಪಿನ ದಾರಿಯ ಕಂಬಗಳ ಸ್ಕ್ರೂ ಮಾತ್ರ ಮುಟ್ಟಬೇಡಿ. ಅವನ್ನು ಮತ್ತೆ ಹೊಂದಿಸುವುದು ಅಲೈನ್‌ಮೆಂಟ್ ಟೇಪಿರುವ ಮೆಕ್ಯಾನಿಕ್ಕಿನ ಕೆಲಸ.

ವಿ.ಸಿ.ಆರ್. ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರಲ್ಲಿ ಕೈಬಿಟ್ಟಿತು. ಆದ್ದರಿಂದ ಚಿತ್ರ ಮೂಡಿದ ದಿನವೇ ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳಿ. ಅದಕ್ಕೂ ಮೊದಲು ಕ್ಯಾಸೆಟ್ಟಿನ ಬೆನ್ನಂಚಿನಲ್ಲಿರುವ ಪ್ಲಾಸ್ಟಿಕ್ ಚಕ್ಕೆ ಮುರಿದುಬಿಡಿ. ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಜ್ಜಿಯ ಮದುವೆ ಅಳಿಸಿಹೋಗದು.