ವಿಹಾರವೂ ಆಸ್ಪತ್ರೆಯೂ

ಬೆಂಗಳೂರಿನ ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಮೊದಲಾದ ಬಡಾವಣೆಗಳಿಂದ ನಗರದ ನಡುಭಾಗಕ್ಕೆ ಬರುವವರಲ್ಲಿ ಬಹುಮಂದಿ ಮೆಜೆಸ್ಟಿಕ್ಕಿನಲ್ಲಿ ಇಳಿಯುತ್ತಾರೆ. ಬಸ್ಸೊಂದೇ ಗತಿಯಾಗಿದ್ದ ಕಾಲದಲ್ಲಿಯೂ ಹೀಗೆಯೇ ಇತ್ತು. ಮೆಟ್ರೊ ರೈಲು ಓಡಾಡುವ ಈ ಕಾಲದಲ್ಲಿಯೂ ಹೀಗೆಯೇ ಇದೆ. ಅಲ್ಲಿಂದ ಸ್ವಲ್ಪ ದೂರ ನಡೆದರೆ ಗಾಂಧಿನಗರ. ವಸತಿಗೃಹಗಳು, ಅಂಗಡಿಗಳ ಸಾಲು, ಚಲನಚಿತ್ರ ಹಂಚಿಕೆದಾರರ ಕಚೇರಿಗಳು, ವಾಹನಗಳ ನಿಲ್ಲದ ಸದ್ದು. ಈ ಗದ್ದಲದ ನಡುವೆ, ಕಾಳಿದಾಸ ರಸ್ತೆಯಲ್ಲಿ, ಬೋಧಗಯೆಯ ಮಹಾಬೋಧಿ ದೇವಾಲಯವನ್ನು ನೆನಪಿಗೆ ತರುವ ಗೋಪುರವೊಂದು ಕಾಣುತ್ತದೆ. ಅದು ಮಹಾಬೋಧಿ ಸೊಸೈಟಿಯ ಬೌದ್ಧವಿಹಾರ.

ವಿಹಾರವೆಂದೊಡನೆ ಬೆಟ್ಟದ ಗವಿ, ಕಾಡಿನ ಏಕಾಂತ, ಲೋಕವನ್ನು ತೊರೆದ ಭಿಕ್ಷುಗಳು ಕಣ್ಣಮುಂದೆ ಬರುವುದು ಸಹಜ. ನಗರದ ಅತ್ಯಂತ ಗಜಿಬಿಜಿಯ ಸ್ಥಳದಲ್ಲಿ ವಿಹಾರಕ್ಕೆ ಏನು ಕೆಲಸವೆಂದು ಯಾರಿಗಾದರೂ ಅನ್ನಿಸಬಹುದು. ಆದರೆ ಬುದ್ಧನ ಕಾಲದ ವಿಹಾರಗಳೂ ಜನವಸತಿಯಿಂದ ಬಹುದೂರ ಇದ್ದುವಲ್ಲ. ರಾಜಗೃಹದ ವೇಣುವನವಾಗಲಿ ಶ್ರಾವಸ್ತಿಯ ಜೇತವನವಾಗಲಿ ಊರಿನಿಂದ ನಡೆದು ತಲಪುವಷ್ಟು ಸಮೀಪದಲ್ಲಿದ್ದುವು. ಭಿಕ್ಷುಗಳು ಅನ್ನಕ್ಕಾಗಿ ಪ್ರತಿದಿನವೂ ಊರಿಗೆ ಬರಬೇಕಾಗಿತ್ತು. ಊರಿನವರು ತಮ್ಮ ದುಃಖವನ್ನು ಹೇಳಿಕೊಳ್ಳಲು ವಿಹಾರಕ್ಕೆ ಹೋಗಬೇಕಾಗಿತ್ತು. ಈ ಹೋಗುಬರವೇ ಬೌದ್ಧಸಂಘದ ಜೀವನಾಡಿ.

ಗಾಂಧಿನಗರದ ಈ ಸಂಸ್ಥೆಯನ್ನು ೧೯೫೬ರಲ್ಲಿ ಸ್ಥಾಪಿಸಿದವರು ಆಚಾರ್ಯ ಬುದ್ಧರಕ್ಖಿತರು. ಅದು ಬುದ್ಧನ ಪರಿನಿರ್ವಾಣದ ೨೫೦೦ನೆಯ ವರ್ಷವನ್ನು ದೇಶವೆಲ್ಲ ಆಚರಿಸಿದ ಕಾಲ, ಡಾ. ಬಿ. ಆರ್. ಅಂಬೇಡ್ಕರರು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಬೌದ್ಧಧರ್ಮವನ್ನು ಸ್ವೀಕರಿಸಿದುದೂ ಅದೇ ವರ್ಷ. ಆಚಾರ್ಯರು ೧೯೨೨ರಲ್ಲಿ ಮಣಿಪುರದ ಇಂಫಾಲದಲ್ಲಿ ಹುಟ್ಟಿದರು. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದ ಸೇವೆಯಲ್ಲಿದ್ದು, ಆ ಬಳಿಕ ಭಿಕ್ಷುಗಳಾದರು. ರಂಗೂನಿನಲ್ಲಿ ೧೯೫೪ರಿಂದ ೧೯೫೬ರವರೆಗೆ ನಡೆದ ಆರನೆಯ ಬೌದ್ಧ ಸಂಗೀತಿಯಲ್ಲಿ ಪಾಲಿ ಗ್ರಂಥಗಳ ಪರಿಷ್ಕರಣೆಯ ಕಾರ್ಯದಲ್ಲಿ ಭಾಗಿಗಳಾದರು. ಅಂಥ ವಿದ್ವಾಂಸರು ಬೆಂಗಳೂರಿನಲ್ಲಿ ನೆಲೆನಿಂತು ಧಮ್ಮಪದವನ್ನು ಇಂಗ್ಲಿಷಿಗೆ ಅನುವಾದಿಸಿದರು, ಪುಸ್ತಕಗಳನ್ನು ಬರೆದರು, ಪತ್ರಿಕೆಯನ್ನು ನಡೆಸಿದರು. ೨೦೧೩ರಲ್ಲಿ ತೀರಿಕೊಳ್ಳುವವರೆಗೆ ಇದೇ ನಗರ ಅವರ ಕರ್ಮಭೂಮಿಯಾಗಿತ್ತು. ಯುದ್ಧವನ್ನು ಹತ್ತಿರದಿಂದ ಕಂಡಿದ್ದ ಅವರು ಗ್ರಂಥಾಲಯದೊಳಗೇ ಕುಳಿತುಬಿಡಲಿಲ್ಲವೆಂಬುದು ಗಮನಿಸತಕ್ಕ ಸಂಗತಿ.

ಬೌದ್ಧವಿಹಾರವೆಂಬುದು ಕನ್ನಡನಾಡಿಗೆ ಹೊರಗಿನಿಂದ ಬಂದ ಹೊಸ ವಸ್ತುವೇನೂ ಅಲ್ಲ. ಮಸ್ಕಿ, ಬ್ರಹ್ಮಗಿರಿ, ಕೊಪ್ಪಳಗಳಲ್ಲಿ ಅಶೋಕನ ಶಾಸನಗಳಿವೆ. ಭೀಮಾನದಿಯ ದಡದ ಸನ್ನತಿಯ ಸಮೀಪದಲ್ಲಿ, ಕನಗನಹಳ್ಳಿಯಲ್ಲಿ, ಮಹಾಸ್ತೂಪವೊಂದರ ಅವಶೇಷಗಳು ಬೆಳಕಿಗೆ ಬಂದಿವೆ. ಅಲ್ಲಿಯ ಶಿಲ್ಪವೊಂದರ ಮೇಲೆ ಅಶೋಕನ ಹೆಸರೇ ಇದೆ. ಮಂಗಳೂರಿನ ಕದ್ರಿಯಲ್ಲಿ ೯೬೮ರಲ್ಲಿ ಪ್ರತಿಷ್ಠೆಗೊಂಡ ಲೋಕೇಶ್ವರನ ಕಂಚಿನ ವಿಗ್ರಹ ಇಂದಿಗೂ ಪೂಜೆಗೊಳ್ಳುತ್ತಿದೆ. ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ ಚಾಳುಕ್ಯರ ಅಧಿಕಾರಿ ರೂಪಭಟ್ಟಯ್ಯನು ಜಯಂತಿಪ್ರಭ ಬೌದ್ಧವಿಹಾರವನ್ನು ಕಟ್ಟಿಸಿದನು. ಗದಗದ ಬಳಿಯ ಡಂಬಳದ ೧೦೯೫ರ ಶಾಸನದ ವಿಷಯ ಇನ್ನೂ ಸ್ವಾರಸ್ಯವಾದುದು: ಅಲ್ಲಿ ತಾರಾದೇವಿಯ ವಿಹಾರವನ್ನು ಕಟ್ಟಿಸಿದವರು ರಾಜರಲ್ಲ, ಊರಿನ ಹದಿನಾರು ಮಂದಿ ಸೆಟ್ಟಿಗಳು. ವ್ಯಾಪಾರಿಗಳು ಒಂದಾಗಿ ಹಣ ಕೂಡಿಸಿ ವಿಹಾರವನ್ನು ಪೊರೆದ ಆ ಪದ್ಧತಿಗೂ ಇಂದು ನಗರದ ವಿಹಾರವೊಂದು ದಾನಿಗಳ ಆಶ್ರಯದಲ್ಲಿ ನಡೆಯುವ ಪದ್ಧತಿಗೂ ಹೆಚ್ಚಿನ ಅಂತರವಿಲ್ಲ.

ಅನಂತರದ ಶತಮಾನಗಳಲ್ಲಿ ಈ ಪರಂಪರೆ ಕ್ಷೀಣಿಸಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೋಲಾರದ ಚಿನ್ನದ ಗಣಿಗಳ ಕಾರ್ಮಿಕರ ನಡುವೆ, ಮದರಾಸಿನ ಪಂಡಿತ ಅಯೋತಿದಾಸರ ಪ್ರಭಾವದಿಂದ, ಬೌದ್ಧಸಂಘಗಳು ಮತ್ತೆ ತಲೆಯೆತ್ತಿದುವು. ಸಾಹಿತ್ಯದಲ್ಲಿ ಜಿ. ಪಿ. ರಾಜರತ್ನಂ ಅವರು ಪಾಲಿಯನ್ನು ಕಲಿತು ಬುದ್ಧನ ಕಥೆಗಳನ್ನು ಕನ್ನಡಿಗರ ಮನೆಮನೆಗೆ ತಲಪಿಸಿದರು. ಗಾಂಧಿನಗರದ ವಿಹಾರ ನೆಲೆಗೊಂಡದ್ದು ಹೀಗೆ ಮತ್ತೊಮ್ಮೆ ಹದಗೊಂಡ ನೆಲದಲ್ಲಿ.

ವಿಹಾರದಲ್ಲಿ ನಡೆಯುವ ನಿತ್ಯಕಾರ್ಯಗಳು ಸರಳವಾದುವು. ಬುದ್ಧವಂದನೆ, ಪಾಲಿ ಸೂತ್ರಗಳ ಪಠನ, ಧ್ಯಾನ, ಉಪನ್ಯಾಸ. ಲಡಾಖ್, ಅರುಣಾಚಲ ಪ್ರದೇಶ ಮೊದಲಾದ ದೂರದ ಗಡಿನಾಡುಗಳಿಂದ ಬಂದ ಬಾಲಕರು ಕಾಷಾಯವನ್ನು ಧರಿಸಿ ಇಲ್ಲಿ ಓದುತ್ತಾರೆ. ಬೆಟ್ಟದ ಹಳ್ಳಿಯಿಂದ ಬಂದ ಹುಡುಗನಿಗೆ ಮೆಜೆಸ್ಟಿಕ್ಕಿನ ಜನಸಂದಣಿಯೇ ಒಂದು ಪಾಠಶಾಲೆ! ಇವುಗಳನ್ನು ಇಷ್ಟು ಹೇಳಿದರೆ ಸಾಕು. ಧ್ಯಾನವನ್ನೂ ಪಠನವನ್ನೂ ಎಲ್ಲ ಬೌದ್ಧ ಕೇಂದ್ರಗಳಲ್ಲಿ ಕಾಣಬಹುದು. ಈ ವಿಹಾರದ ಹೆಸರು ಬೆಂಗಳೂರಿನ ಬಡಜನರ ಬಾಯಿಯಲ್ಲಿ ಕೇಳಿಬರುವುದು ಬೇರೊಂದು ಕಾರಣದಿಂದ, ಬೇರೊಂದು ಸ್ಥಳದಲ್ಲಿ. ಅಲ್ಲಿಗೆ ಹೋಗುವುದಕ್ಕೆ ಮೊದಲು ವಿನಯಪಿಟಕದ ಒಂದು ಪ್ರಸಂಗವನ್ನು ತಿಳಿದುಕೊಳ್ಳಬೇಕು.

ಒಮ್ಮೆ ಬುದ್ಧನು ಆನಂದನೊಡನೆ ಭಿಕ್ಷುಗಳ ವಸತಿಗಳನ್ನು ನೋಡುತ್ತ ಬರುತ್ತಿದ್ದನು. ಒಂದು ಕೋಣೆಯಲ್ಲಿ ಭಿಕ್ಷುವೊಬ್ಬನು ಅತಿಸಾರದಿಂದ ನರಳುತ್ತ, ತನ್ನ ಮಲಮೂತ್ರದಲ್ಲಿಯೇ ಬಿದ್ದಿದ್ದನು. ನಿನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವೇ ಎಂದು ಬುದ್ಧನು ಕೇಳಿದನು. ಯಾರೂ ಇಲ್ಲವೆಂದು ರೋಗಿ ಹೇಳಿದನು. ಕಾರಣವೇನೆಂದು ಕೇಳಿದಾಗ, ತಾನು ಇತರ ಭಿಕ್ಷುಗಳಿಗೆ ಯಾವ ಉಪಕಾರವನ್ನೂ ಮಾಡಿದವನಲ್ಲ, ಆದುದರಿಂದ ಅವರೂ ತನ್ನತ್ತ ನೋಡುವುದಿಲ್ಲ ಎಂದನು. ಬುದ್ಧನು ಆನಂದನಿಂದ ನೀರು ತರಿಸಿದನು. ತಾನು ನೀರೆರೆದನು, ಆನಂದನು ಮೈ ತೊಳೆದನು. ತಲೆಯ ಕಡೆಯನ್ನು ತಾನೂ ಕಾಲಿನ ಕಡೆಯನ್ನು ಆನಂದನೂ ಹಿಡಿದೆತ್ತಿ ಆತನನ್ನು ಮಂಚದ ಮೇಲೆ ಮಲಗಿಸಿದರು. ಆಮೇಲೆ ಸಂಘವನ್ನು ಕರೆಸಿ ವಿಚಾರಿಸಿದಾಗ ಭಿಕ್ಷುಗಳು ಕೊಟ್ಟ ಉತ್ತರವೂ ರೋಗಿಯದೇ ಆಗಿತ್ತು. ಇಲ್ಲಿ ನಿಮ್ಮನ್ನು ನೋಡಿಕೊಳ್ಳುವುದಕ್ಕೆ ತಾಯಿಯಿಲ್ಲ, ತಂದೆಯಿಲ್ಲ. ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ತಾರು ನೋಡಿಕೊಂಡಾರು ಎಂಬ ಅರ್ಥದ ಮಾತನ್ನು ಬುದ್ಧನು ಆಡಿದನು. ತನ್ನ ಸೇವೆ ಮಾಡಬೇಕೆಂದಿರುವವರು ರೋಗಿಯ ಸೇವೆ ಮಾಡಲಿ ಎಂದೂ ತಿಳಿಸಿದನು.

ಈ ಕಥೆಯಲ್ಲಿ ರೋಗಿ ಸಾಧುಪುರುಷನೆಂದು ಎಲ್ಲಿಯೂ ಹೇಳಿಲ್ಲ. ಅವನು ಯಾರಿಗೂ ಆಗದವನು. ಉಪಕಾರಕ್ಕೆ ಪ್ರತ್ಯುಪಕಾರವೆಂಬ ಲೆಕ್ಕವನ್ನು ಬುದ್ಧನು ರೋಗಿಯ ಮಂಚದ ಬಳಿಯಲ್ಲಿ ಅಳಿಸಿಹಾಕಿದನು. ಅಷ್ಟಕ್ಕೇ ನಿಲ್ಲದೆ, ಒಳ್ಳೆಯ ಶುಶ್ರೂಷಕನಲ್ಲಿ ಇರಬೇಕಾದ ಐದು ಗುಣಗಳನ್ನು ಹೇಳಿದನು. ಅವನಿಗೆ ಔಷಧವನ್ನು ಸಿದ್ಧಪಡಿಸಲು ಬರಬೇಕು. ರೋಗಿಗೆ ಯಾವುದು ಪಥ್ಯ, ಯಾವುದು ಅಪಥ್ಯ ಎಂದು ತಿಳಿದು, ಅಪಥ್ಯವಾದುದನ್ನು ದೂರಮಾಡಬೇಕು. ಲಾಭದ ಆಸೆಯಿಂದಲ್ಲದೆ ಮೈತ್ರಿಯಿಂದ ಸೇವೆ ಮಾಡಬೇಕು. ಮಲಮೂತ್ರ, ಉಗುಳು, ವಾಂತಿಗಳನ್ನು ತೆಗೆಯಲು ಹೇಸಬಾರದು. ಸಮಯವರಿತು ಒಳ್ಳೆಯ ಮಾತುಗಳಿಂದ ರೋಗಿಯ ಮನಸ್ಸಿಗೆ ಧೈರ್ಯ ತುಂಬಲು ಬಲ್ಲವನಾಗಿರಬೇಕು. ಕರುಣೆ ಇಲ್ಲಿ ಐದರಲ್ಲಿ ಒಂದು ಮಾತ್ರ. ತಿಳಿವಳಿಕೆಗೂ ಹೇಸಿಗೆಯನ್ನು ಗೆಲ್ಲುವುದಕ್ಕೂ ಅದರಷ್ಟೇ ಸ್ಥಾನವಿದೆ.

ಈಗ ಗಾಂಧಿನಗರದಿಂದ ಕೃಷ್ಣರಾಜ ಮಾರುಕಟ್ಟೆಯ ಕಡೆಗೆ ಹೋಗಬೇಕು. ಮಾರುಕಟ್ಟೆಯ ಸಮೀಪದಲ್ಲಿರುವ ವಿಕ್ಟೋರಿಯಾ ಆಸ್ಪತ್ರೆ ೧೯೦೦ರಲ್ಲಿ ಆರಂಭವಾದುದು. ನಾಡಿನ ನಾನಾ ಜಿಲ್ಲೆಗಳ ಬಡವರಿಗೆ ಅದೊಂದು ಕಡೆಯ ಆಸರೆ. ಅದರ ಆವರಣದಲ್ಲಿ ಸುಟ್ಟಗಾಯಗಳ ಚಿಕಿತ್ಸೆಗೆಂದೇ ಇರುವ ವಿಭಾಗಕ್ಕೆ ಮಹಾಬೋಧಿಯ ಹೆಸರಿದೆ. ಆಚಾರ್ಯ ಬುದ್ಧರಕ್ಖಿತರ ಸಂಸ್ಥೆ ಸರ್ಕಾರಿ ಆಸ್ಪತ್ರೆಗೆ ಒದಗಿಸಿದ ಕೊಡುಗೆ ಅದು.

ಬೆಂಕಿಯ ಅನಾಹುತವೆಂದರೇನೆಂಬುದನ್ನು ಬೆಂಗಳೂರು ಮರೆಯಲಾರದು. ೧೯೮೧ರ ಫೆಬ್ರವರಿ ೭ರಂದು ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ, ಆಟ ನೋಡಲು ಬಂದಿದ್ದವರಲ್ಲಿ ನೂರರ ಸಮೀಪ ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಅಂಥ ದೊಡ್ಡ ದುರಂತ ಎಂದೋ ಒಮ್ಮೆ ನಡೆಯುತ್ತದೆ, ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಆದರೆ ಅಡುಗೆಮನೆಯಲ್ಲಿ ಸಿಡಿದ ಸೀಮೆಎಣ್ಣೆಯ ಸ್ಟೌ, ಸೋರಿದ ಅನಿಲ, ಮೈಮೇಲೆ ಉರುಳಿದ ಕುದಿನೀರಿನ ಪಾತ್ರೆ, ದೀಪಾವಳಿಯ ಪಟಾಕಿ — ಇವುಗಳಿಗೆ ಬಲಿಯಾದವರು ಒಬ್ಬೊಬ್ಬರಾಗಿ, ಸದ್ದಿಲ್ಲದೆ ಬರುತ್ತಾರೆ. ಅವರಲ್ಲಿ ಹೆಂಗಸರು ಅನೇಕರು. ಎಲ್ಲ ಬೆಂಕಿಯೂ ಆಕಸ್ಮಿಕವಲ್ಲವೆಂಬ ಕಹಿಸತ್ಯವನ್ನು ಇಂಥ ವಾರ್ಡುಗಳಲ್ಲಿ ಕೆಲಸ ಮಾಡುವವರು ಬಲ್ಲರು.

ಸುಟ್ಟಗಾಯ ಇತರ ಗಾಯಗಳಂತಲ್ಲ. ಚರ್ಮ ದೇಹದ ಕೋಟೆ. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ರೋಗಾಣು ಒಳಗೆ ಬರದಂತೆ, ಮೈಯ ಶಾಖ ಆರದಂತೆ ಕಾಯುವುದು ಅದೇ. ಚರ್ಮದ ದೊಡ್ಡ ಭಾಗ ಸುಟ್ಟುಹೋದಾಗ ಈ ಮೂರು ಕಾವಲೂ ಒಮ್ಮೆಗೇ ತಪ್ಪುತ್ತವೆ. ಮೊದಲ ಒಂದೆರಡು ದಿನ ರಕ್ತನಾಳಗಳ ಮೂಲಕ ಹೇರಳವಾಗಿ ದ್ರವವನ್ನು ಕೊಡದಿದ್ದರೆ ರೋಗಿ ಉಳಿಯುವುದು ಕಷ್ಟ. ಆ ಗಂಡವನ್ನು ದಾಟಿದವನಿಗೆ ಮುಂದಿನ ಶತ್ರು ನಂಜು. ವಾರಗಟ್ಟಲೆ ಗಾಯವನ್ನು ತೊಳೆದು ಕಟ್ಟು ಬದಲಾಯಿಸಬೇಕು. ಆ ಹೊತ್ತಿನ ನೋವು ಸುಟ್ಟ ದಿನದ ನೋವಿಗಿಂತ ಕಡಮೆಯೇನಲ್ಲ. ಗಾಯ ಮಾಗುವಾಗ ಚರ್ಮ ಬಿಗಿದುಕೊಂಡು ಕತ್ತು, ಮೊಳಕೈ, ಬೆರಳುಗಳು ಮಡಿಸಿದಂತೆಯೇ ಉಳಿದುಬಿಡಬಹುದು. ಆದುದರಿಂದ ನೋವಿದ್ದರೂ ಕೈಕಾಲುಗಳನ್ನು ಆಡಿಸುತ್ತಿರಬೇಕು. ಹೊಸ ಚರ್ಮ ಬೆಳೆಯಲು ಮೊಟ್ಟೆ, ಹಾಲು, ಬೇಳೆಗಳಂಥ ಪುಷ್ಟಿಕರ ಆಹಾರ ಬೇಕು. ಇಷ್ಟೆಲ್ಲಕ್ಕೂ ಪ್ರತ್ಯೇಕವಾದ ಕಟ್ಟಡ, ಪ್ರತ್ಯೇಕವಾದ ಸಿಬ್ಬಂದಿ ಬೇಕೆಂಬುದು ಸ್ಪಷ್ಟ. ಸಾಮಾನ್ಯ ವಾರ್ಡಿನ ಮೂಲೆಯಲ್ಲಿ ಇಂಥವರನ್ನು ಮಲಗಿಸಿದರೆ ಪಕ್ಕದ ಮಂಚದ ರೋಗವೇ ಅವರಿಗೆ ಮೃತ್ಯುವಾದೀತು.

ವಿನಯಪಿಟಕದ ರೋಗಿಗೂ ಈ ವಾರ್ಡಿನ ರೋಗಿಗೂ ಇರುವ ಹೋಲಿಕೆ ತಾನಾಗಿಯೇ ಹೊಳೆಯುತ್ತದೆ. ಸುಟ್ಟ ಮೈಯ ವಾಸನೆಯನ್ನು ತಾಳಲಾರದೆ ನೆಂಟರೂ ದೂರ ನಿಲ್ಲುವುದುಂಟು. ಮುಖ ಸುಟ್ಟ ತರುಣಿಯನ್ನು ಮನೆಗೆ ಕರೆದೊಯ್ಯುವವರೇ ಇಲ್ಲದಿರಬಹುದು. ಪ್ರತ್ಯುಪಕಾರ ಮಾಡುವ ಸ್ಥಿತಿಯಲ್ಲಿ ಅವರು ಯಾರೂ ಇಲ್ಲ.

ಇಂಥ ಕಡೆ ಸ್ವಯಂಸೇವಕರು ಮಾಡಬಹುದಾದುದೇನು? ಉತ್ಸಾಹದಿಂದ ಬರುವ ತರುಣರು ಮೊದಲು ಕಲಿಯಬೇಕಾದುದು, ತಮ್ಮನ್ನು ಒಳಗೆ ಬಿಡದಿರುವುದಕ್ಕೆ ಕಾರಣವಿದೆ ಎಂಬುದನ್ನು. ಹೊರಗಿನಿಂದ ಬಂದ ಬಟ್ಟೆ, ಚಪ್ಪಲಿ, ಉಸಿರು ಎಲ್ಲವೂ ತೆರೆದ ಗಾಯಕ್ಕೆ ಅಪಾಯ. ಹಾರ ಹಿಡಿದುಕೊಂಡು, ಛಾಯಾಚಿತ್ರಗಾರನನ್ನು ಕರೆದುಕೊಂಡು ಮಂಚದ ಬಳಿಗೆ ಹೋಗುವುದು ಸೇವೆಯಲ್ಲ, ಹಿಂಸೆ. ಆದರೆ ವಾರ್ಡಿನ ಹೊರಗಿನ ಪಡಸಾಲೆಯಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ. ದೂರದ ಹಳ್ಳಿಯಿಂದ ಉಟ್ಟಬಟ್ಟೆಯಲ್ಲಿಯೇ ಓಡಿಬಂದ ತಾಯಿಗೆ ಚೀಟಿ ಮಾಡಿಸುವುದು ಎಲ್ಲಿ, ಔಷಧ ಸಿಗುವುದು ಎಲ್ಲಿ ಎಂಬುದು ತಿಳಿಯದು. ಅರ್ಜಿಯನ್ನು ಓದಿ ತುಂಬಿಸುವವರು ಬೇಕು. ರಕ್ತ ಕೊಡುವವರು ಬೇಕು. ಎರಡು ದಿನದಿಂದ ಊಟ ಮಾಡದ ತಂದೆಯನ್ನು ಕರೆದುಕೊಂಡು ಹೋಗಿ ಅನ್ನವಿಕ್ಕಿಸುವವರು ಬೇಕು. ಮನೆಗೆ ಮರಳಿದ ಮೇಲೆಯೂ ವ್ಯಾಯಾಮವನ್ನು ಬಿಡಬಾರದೆಂದು ರೋಗಿಯ ಮನೆಯವರಿಗೆ ಅವರ ಮಾತಿನಲ್ಲಿಯೇ, ಬೇಸರವಿಲ್ಲದೆ ಮತ್ತೆ ಮತ್ತೆ ಹೇಳುವವರು ಬೇಕು. ಇವು ಯಾವುದಕ್ಕೂ ದೊಡ್ಡ ವಿದ್ಯೆ ಬೇಡ. ಒಪ್ಪಿಕೊಂಡ ಹೊತ್ತಿಗೆ ತಪ್ಪದೆ ಬರುವ ಅಭ್ಯಾಸ ಮಾತ್ರ ಬೇಕು. ಅದೇ ದುರ್ಲಭವಾದುದು.

ಬುದ್ಧಪೂರ್ಣಿಮೆಯ ದಿನ ವಿಹಾರದಲ್ಲಿ ಜನವೋ ಜನ. ಬಿಳಿಯ ಬಟ್ಟೆಯುಟ್ಟ ಉಪಾಸಕರು, ಅಂಬೇಡ್ಕರರ ಭಾವಚಿತ್ರವನ್ನು ಬುದ್ಧನ ಚಿತ್ರದೊಡನೆ ಪೂಜಿಸುವ ಕುಟುಂಬಗಳು, ಮಕ್ಕಳನ್ನು ಕರೆತಂದ ಸುತ್ತಲಿನ ಬಡಾವಣೆಗಳ ಗೃಹಸ್ಥರು ಎಲ್ಲರೂ ಹೂವು ದೀಪಗಳೊಡನೆ ಸಾಲಿನಲ್ಲಿ ನಿಲ್ಲುತ್ತಾರೆ. ಆ ದಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಹಣ್ಣು ಹಂಚುವುದು ಬೌದ್ಧರಲ್ಲಿ ಬಂದ ಒಳ್ಳೆಯ ರೂಢಿ. ಆದರೆ ಒಂದೇ ಬೆಳಗಿನಲ್ಲಿ ನಾಲ್ಕು ಸಂಘದವರು ಬಂದು ಒಬ್ಬನೇ ರೋಗಿಯ ಕೈಗೆ ನಾಲ್ಕು ಡಜನ್ ಬಾಳೆಹಣ್ಣು ಕೊಟ್ಟರೆ ಅವನು ಮಾಡುವುದೇನು? ಅವನು ಮಧುಮೇಹಿಯಾಗಿದ್ದರೆ ಗತಿಯೇನು? ಪಥ್ಯಾಪಥ್ಯವನ್ನು ಅರಿತಿರಬೇಕೆಂಬ ಎರಡನೆಯ ಗುಣ ಇಲ್ಲಿ ನೆನಪಾಗಬೇಕು. ಬುಟ್ಟಿಯನ್ನು ಹಿಡಿದು ಒಳಗೆ ನುಗ್ಗುವ ಮೊದಲು ವಾರ್ಡಿನ ದಾದಿಯನ್ನು ಒಂದು ಮಾತು ಕೇಳುವುದು ಬುದ್ಧನು ಹೇಳಿದ ಕ್ರಮಕ್ಕೆ ಹತ್ತಿರವಾದುದು.

ಗಾಂಧಿನಗರದಲ್ಲಿ ಆರಂಭವಾದ ಈ ಕಾರ್ಯ ಬೆಂಗಳೂರಿನಲ್ಲಿಯೇ ನಿಂತುಹೋಗಲಿಲ್ಲ. ಮೈಸೂರಿನಲ್ಲಿ ಸಂಸ್ಥೆಯ ವಿದ್ಯಾರ್ಥಿನಿಲಯವಿದೆ. ಈಶಾನ್ಯ ಭಾರತದ ಬಡಮಕ್ಕಳು ಅಲ್ಲಿದ್ದುಕೊಂಡು ಓದುತ್ತಾರೆ. ಸೈನ್ಯವನ್ನು ಬಿಟ್ಟು ಬಂದು ಆಚಾರ್ಯರ ಶಿಷ್ಯರಾಗಿ ಬೆಂಗಳೂರಿನಲ್ಲಿ ಕಲಿತ ಲಡಾಖಿನ ತರುಣರೊಬ್ಬರು ಭಿಕ್ಷು ಸಂಘಸೇನರೆಂದು ಹೆಸರಾದರು. ೧೯೮೬ರಲ್ಲಿ ಅವರು ಲೇಹ್ ಪಟ್ಟಣದ ಬಳಿ ಧ್ಯಾನಕೇಂದ್ರವೊಂದನ್ನು ಸ್ಥಾಪಿಸಿದರು. ಸಮುದ್ರಮಟ್ಟದಿಂದ ಮೂರುಸಾವಿರ ಮೀಟರಿಗೂ ಎತ್ತರದ, ಚಳಿಗಾಲದಲ್ಲಿ ಹಿಮ ಕವಿದು ಹೆದ್ದಾರಿಗಳು ಮುಚ್ಚಿಹೋಗುವ ಆ ನಾಡಿನಲ್ಲಿ ಧ್ಯಾನಕೇಂದ್ರದ ಸುತ್ತ ಕಾಲಕ್ರಮದಲ್ಲಿ ಮಕ್ಕಳಿಗೆ ಶಾಲೆ, ಮುದುಕರಿಗೆ ಆಶ್ರಯಧಾಮ, ರೋಗಿಗಳಿಗೆ ಆಸ್ಪತ್ರೆ ಎದ್ದುವು.